ಸ್ಪೇನಿನಲ್ಲಿ ಚಳಿಗಾಲದ ಹಕ್ಕಿ ಪ್ರವಾಸ: ಹನ್ನೆರಡು ಜನರ ಸಾಲೋ, ಮೂರು ಜನರ ಕಾರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳ್ಳಿಯಲ್ಲೊಂದು ಮನೆ ಹಿಡಿದು, ಅದೇ ಸೀಮೆಯ ಗೈಡ್ ಒಬ್ಬರನ್ನು ದಿನದ ಲೆಕ್ಕಕ್ಕೆ ಗೊತ್ತು ಮಾಡಿಕೊಳ್ಳುವುದಕ್ಕೆ. ಗುಂಪಿನ ಪ್ಯಾಕೇಜಿಗೆ ತಲೆಗೆ 1,900 ಯೂರೋ ಎಣಿಸಿ ಕೊಟ್ಟು, ನೋಡಬೇಕೆಂದಿದ್ದ ಹಕ್ಕಿಯ ಬೆನ್ನು ಮಾತ್ರ ನೋಡಿಕೊಂಡು ಬಂದವಳು ನಾನು. ಇಲ್ಲಿ ತಕ್ಕಡಿ ಸಮ ಇರುತ್ತದೆ ಅಂದುಕೊಳ್ಳಬೇಡಿ.

ನಾವಿರುವುದು ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ. ಡಿಸೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ಮೇಲೆ ಜಿಟಿಜಿಟಿ ಮಳೆ. ಆ ಹೊತ್ತಿಗೆ ಹಕ್ಕಿ ಹುಚ್ಚಿನವರು ಸ್ಪೇನಿನ ಎಕ್ಸ್‌ಟ್ರೆಮದೂರಾ ಕಡೆ ಮುಖ ಮಾಡುತ್ತಾರೆ. ಪೋರ್ಚುಗಲ್ ಗಡಿಗೆ ಅಂಟಿಕೊಂಡ, ಜನ ಕಡಿಮೆ, ಬಯಲು ಜಾಸ್ತಿ ಇರುವ ಸೀಮೆ. ಸ್ವೀಡನ್, ಫಿನ್‌ಲ್ಯಾಂಡ್, ಜರ್ಮನಿಯ ಕ್ರೌಂಚ ಹಕ್ಕಿಗಳೂ ಚಳಿಗಾಲ ಕಳೆಯಲು ಅಲ್ಲಿಗೇ ಬರುತ್ತವೆ, ಒಂದು ಲಕ್ಷಕ್ಕೂ ಮೀರಿ. ನನ್ನ ಆಸೆ ಮಾತ್ರ ಬೇರೆ ಹಕ್ಕಿಯ ಮೇಲಿತ್ತು. ನಮ್ಮದು ರಾಣೆಬೆನ್ನೂರು ಕಡೆ. ಎರೆ ಹೊಲದಲ್ಲಿ ಸೊಂಟದೆತ್ತರದ ಎರೆಭೂತ ಹಕ್ಕಿ ನಡೆದು ಹೋಗುತ್ತಿತ್ತು ಅಂತ ಅಪ್ಪ ಹೇಳುವುದನ್ನು ಕೇಳುತ್ತ ಬೆಳೆದವಳು. 1974ರಲ್ಲಿ ಕೃಷ್ಣಮೃಗಕ್ಕೆಂದು ಅಲ್ಲಿ ಅಭಯಾರಣ್ಯ ಆಯಿತು. ಕೃಷ್ಣಮೃಗ ಉಳಿದವು, ಎರೆಭೂತ ನನ್ನ ಕಣ್ಣಿಗೆ ಒಂದು ದಿನವೂ ಬೀಳಲಿಲ್ಲ. ಈಗ ರಾಜ್ಯದಲ್ಲಿ ಅದರ ಸುದ್ದಿ ಕೇಳಿಬರುವುದು ಬಳ್ಳಾರಿಯ ಸಿರುಗುಪ್ಪ ಕಡೆಯಿಂದ, ಅದೂ ಬೆರಳೆಣಿಕೆ. ಅದರ ಯುರೋಪಿನ ದಾಯಾದಿ ಗ್ರೇಟ್ ಬಸ್ಟರ್ಡ್. ಪ್ರಪಂಚದಲ್ಲಿ ಉಳಿದಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೇನಿನಲ್ಲೇ ಇವೆ. ನಮ್ಮೂರಿನದು ಸಿಗದಿದ್ದರೆ ಅದರ ದಾಯಾದಿಯನ್ನಾದರೂ ನೋಡಬೇಕು ಅನ್ನುವ ಹಟ ನನ್ನದು.

2023ರ ಜನವರಿಯಲ್ಲಿ ನಾನೂ ನಮ್ಮವರೂ ಒಂದು ಬ್ರಿಟಿಷ್ ಕಂಪನಿಯ ಗುಂಪಿಗೆ ಸೇರಿದೆವು. ಎಂಟು ದಿನ, ಹನ್ನೆರಡು ಜನ, ಇಬ್ಬರು ಗೈಡ್, ಎರಡು ವ್ಯಾನು. ಮ್ಯಾಡ್ರಿಡ್ ವಿಮಾನ ನಿಲ್ದಾಣದಲ್ಲಿ ಬೋರ್ಡು ಹಿಡಿದು ನಿಂತಿದ್ದವರು, ಮತ್ತೆ ಅಲ್ಲೇ ತಂದು ಬಿಡುವ ತನಕ ನಾವು ನಕ್ಷೆ ಬಿಚ್ಚುವ ಪ್ರಮೇಯವೇ ಬರಲಿಲ್ಲ. ಗೈಡುಗಳ ತಿಳಿವಳಿಕೆಯ ಬಗ್ಗೆ ಎರಡು ಮಾತಿಲ್ಲ.

ತಕರಾರು ಶುರುವಾದದ್ದು ಟೆಲಿಸ್ಕೋಪಿನ ಹತ್ತಿರ.

ಸಾಂತಾ ಮಾರ್ತಾ ದೆ ಮಗಾಸ್ಕಾ ಅನ್ನುವ ಹಳ್ಳಿಯ ಸುತ್ತ ಮರವಿಲ್ಲದ ಹುಲ್ಲುಬಯಲು. ಬಸ್ಟರ್ಡ್‌ಗಳು ಆರೇಳುನೂರು ಮೀಟರ್ ಆಚೆ ಮೇಯುತ್ತಿರುತ್ತವೆ. ಬರೀ ಬೈನಾಕ್ಯುಲರಿನಲ್ಲಿ ನೋಡಿದರೆ ಕುರಿಯೋ ಹಕ್ಕಿಯೋ ಅನ್ನುವಷ್ಟು ಚಿಕ್ಕವು. ಹಾಗಾಗಿ ಟೆಲಿಸ್ಕೋಪು ಬೇಕೇ ಬೇಕು. ನಮ್ಮ ಗುಂಪಿನಲ್ಲಿದ್ದದ್ದು ಎರಡು. ಜನ ಹನ್ನೆರಡು. ಈ ಹಕ್ಕಿಗೆ ಇನ್ನೊಂದು ಗುಣವಿದೆ: ನಿಂತ ಗಾಡಿಯನ್ನು ಕಂಡರೆ ಅಷ್ಟಾಗಿ ಅಂಜುವುದಿಲ್ಲ, ಗಾಡಿಯಿಂದ ಇಳಿದ ಮನುಷ್ಯನನ್ನು ಕಂಡರೆ ತಡೆಯುವುದಿಲ್ಲ. ನಮ್ಮ ವ್ಯಾನುಗಳ ಬಾಗಿಲು ಗರ್ರ್ ಅಂತ ಸರಿದವು, ಹದಿನಾಲ್ಕು ಜನ ಇಳಿದೆವು, ಟ್ರೈಪಾಡಿನ ಕಾಲುಗಳು ಟಕ್ ಟಕ್ ಅಂತ ಬಿಚ್ಚಿಕೊಂಡವು. ಅತ್ತ ಹಕ್ಕಿಗಳು ಹಾರಲಿಲ್ಲ. ಬೆನ್ನು ತಿರುಗಿಸಿ ದಿಬ್ಬದ ಕಡೆ ನಡೆಯತೊಡಗಿದವು.

ನನ್ನ ಸಾಲಿನಲ್ಲಿ ನಾನು ನಾಲ್ಕನೆಯವಳು. ಮೊದಲನೆಯವರು ತೆಂಗಿನ ಮರದಷ್ಟು ಉದ್ದ. ಟೆಲಿಸ್ಕೋಪು ಅವರ ಕಣ್ಣಿಗೆ ಹೊಂದಿಸಿದ್ದು. ಅವರು ಫೋಕಸ್ ತಮಗೆ ಬೇಕಾದಂತೆ ತಿರುಗಿಸಿಕೊಂಡರು. ಎರಡನೆಯವರು ಅದನ್ನು ಮತ್ತೆ ತಿರುಗಿಸಿದರು. ಮೂರನೆಯವರಿಗೆ ಕನ್ನಡಕ, ಕಣ್ಣಿಡುವ ಜಾಗದ ರಬ್ಬರನ್ನು ಒಳಗೆ ಮಡಚಬೇಕಾಯಿತು. ನನ್ನ ಪಾಳಿ ಬಂದಾಗ ತುದಿಗಾಲಲ್ಲಿ ನಿಂತರೂ ನನಗೆ ಕಂಡದ್ದು ಅರ್ಧ ಆಕಾಶ. ನಾನು ಐದಡಿ, ಅಷ್ಟೇ. ಗೈಡ್ ಓಡಿ ಬಂದು ಟ್ರೈಪಾಡ್ ಇಳಿಸಿದರು, ಇಳಿಸುವಾಗ ಹಕ್ಕಿ ತಪ್ಪಿತು, ಮತ್ತೆ ಹುಡುಕಿದರು. ನಾನು ಕಣ್ಣಿಟ್ಟಾಗ ದಿಬ್ಬದಾಚೆ ಇಳಿಯುತ್ತಿದ್ದ ಒಂದು ಕಂದು ಬೆನ್ನು ಕಂಡಿತು. ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ಪಾಳಿ ಬರುವ ಹೊತ್ತಿಗೆ ಸರಿಯಾಗಿ ಸೀಮೆಎಣ್ಣೆ ಮುಗಿಯುತ್ತಿತ್ತಲ್ಲ, ಥೇಟ್ ಹಾಗೆ.

ಒಂದು ಸಲ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಿಂತಲ್ಲೆಲ್ಲ ಇದೇ. ನೆಲಕ್ಕೆ ಅಂಟಿ ಕೂತ ಸ್ಯಾಂಡ್‌ಗ್ರೌಸ್, ಬಂಡೆಯ ಮೇಲಿನ ಇಂಪೀರಿಯಲ್ ಹದ್ದು, ಯಾವುದೇ ಇರಲಿ, ತಲೆಗೆ ಹತ್ತು ಸೆಕೆಂಡು. ಹಿಂದೆ ನಿಂತವರ ಉಸಿರು ಕೇಳಿಸುತ್ತಿದ್ದರೆ ನೋಡಿದ್ದು ಮನಸ್ಸಿಗೆ ಇಳಿಯುವುದಾದರೂ ಹೇಗೆ? ಎರಡರಲ್ಲಿ ಒಂದನ್ನು ಗಿಡ್ಡರಿಗೆಂದು ತಗ್ಗಿಸಿಡಿ ಎಂದು ಕೇಳಿದೆ. ಅರ್ಧ ದಿನ ಇಟ್ಟರು. ಬಗ್ಗಿ ಬಗ್ಗಿ ಬೆನ್ನು ಹಿಡಿಯಿತು ಎಂದು ಉದ್ದದವರಿಂದ ದೂರು ಬಂತು, ಮತ್ತೆ ಏರಿತು. ಮರುದಿನ ನಾಚಿಕೆ ಬಿಟ್ಟು ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಅವತ್ತು ತೋರಿಸಿದ್ದು ಟಿಟ್ಟಿಭ.

ಎರಡನೆಯದು ಮಂಜು. ಜನವರಿಯಲ್ಲಿ ಗ್ವಾದಿಯಾನ ನದಿಯ ಭತ್ತದ ಬಯಲಿನ ಮೇಲೆ ಬೆಳಗಿನ ಮಂಜು ಕೂತರೆ ಏಳುವುದೇ ಇಲ್ಲ. ಸೂರ್ಯ ಹುಟ್ಟುವುದೇ ಎಂಟು ನಲವತ್ತಕ್ಕೆ. ಲಂಡನ್ನಿಗಿಂತ ಪಶ್ಚಿಮದಲ್ಲಿದ್ದುಕೊಂಡು ಬರ್ಲಿನ್ನಿನ ಗಡಿಯಾರ ಕಟ್ಟಿಕೊಂಡಿರುವ ಊರುಗಳಿವು. (ಐದಕ್ಕೆ ಎದ್ದು ಕೆರೆ ದಂಡೆಗೆ ಓಡುವ ನಮ್ಮೂರ ಹಕ್ಕಿಪ್ರಿಯರಿಗೆ ಇದೊಂದು ಸುಖ.) ನಮ್ಮ ಗುಂಪಿನ ಕಾರ್ಯಕ್ರಮದ ಹಾಳೆಯಲ್ಲಿ ಅವತ್ತು ಬೆಳಿಗ್ಗೆ ‘ಕ್ರೌಂಚ’ ಎಂದು ಬರೆದಿತ್ತು. ಹಾಗಾಗಿ ಮಂಜಿನಲ್ಲೇ ಹೋಗಿ ನಿಂತೆವು. ಸಾವಿರಾರು ಹಕ್ಕಿಗಳ ಕೂಗು ನಾಲ್ಕೂ ದಿಕ್ಕಿನಿಂದ ಬರುತ್ತಿತ್ತು, ಕಣ್ಣಿಗೆ ಒಂದೂ ಇಲ್ಲ. ನಿಜ ಹೇಳಬೇಕೆಂದರೆ ಆ ಕೂಗು ಚೆನ್ನಾಗಿತ್ತು. ಹನ್ನೊಂದೂವರೆಗೆ ಮಂಜು ಹರಿಯುವ ಸೂಚನೆ ಕಂಡಾಗ ಮಾತ್ರ ಹಾಳೆ ‘ಮುಂದಿನ ಊರು’ ಅಂದಿತು. ಹೊರಟೆವು.

ಮುಂದಿನ ಊರು ಅಂದರೆ ದಕ್ಷಿಣದ ದೊನ್ಯಾನ ಎಂಬ ಜೌಗು ಸೀಮೆ. ಎಕ್ಸ್‌ಟ್ರೆಮದೂರಾದ ತ್ರುಹಿಯೋ ಊರಿನಿಂದ ವ್ಯಾನಿನಲ್ಲಿ, ನಿಂತು ನಿಂತು, ಹೆಚ್ಚುಕಮ್ಮಿ ಇಡೀ ದಿನ.

ರಾತ್ರಿ ಊಟಕ್ಕೆ ಮುಂಚೆ ಗೈಡ್ ಹಕ್ಕಿಗಳ ಹೆಸರು ಓದುತ್ತಾರೆ, ಎಲ್ಲರೂ ತಮ್ಮ ಪುಸ್ತಕದಲ್ಲಿ ಗೀಟು ಹಾಕುತ್ತಾರೆ. ಶಾಲೆಯ ಹಾಜರಿಯ ಹಾಗೆ. ಎಂಟು ದಿನಕ್ಕೆ 140 ಜಾತಿ ಆಯಿತು. ನಾನು ಗೀಟು ಹಾಕಿದ್ದರಲ್ಲಿ ನಲವತ್ತನ್ನಾದರೂ ಸರಿಯಾಗಿ ನೋಡಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು, ಗೈಡೇ ಇಲ್ಲದ್ದು. ಅವಸರದಲ್ಲಿ ನೋಡಿದ ದೊನ್ಯಾನವನ್ನು ಸಾವಕಾಶವಾಗಿ ನೋಡೋಣ ಎಂದು 2023ರ ಡಿಸೆಂಬರಿನಲ್ಲಿ ನಾವಿಬ್ಬರೇ ಅದರ ಅಂಚಿನ ಎಲ್ ರೊಸಿಯೊ ಊರಿಗೆ ಹೋದೆವು. ಬೀದಿಗಳೆಲ್ಲ ಮರಳು, ಮನೆ ಮುಂದೆ ಕುದುರೆ ಕಟ್ಟುವ ಅಡ್ಡಗಂಬ. ಊರು ಬಲು ಚಂದ. ಜೌಗಿನಲ್ಲಿ ಮಾತ್ರ ನೀರಿಲ್ಲ. ವರ್ಷಗಟ್ಟಲೆ ಬರ, ಜೊತೆಗೆ ಸುತ್ತಲಿನ ಸ್ಟ್ರಾಬೆರಿ ತೋಟಗಳು ಎಳೆಯುವ ಅಂತರ್ಜಲ. ವರ್ಷವಿಡೀ ನೀರಿರುತ್ತಿದ್ದ ಸಾಂತಾ ಒಲಾಯಾ ಕೊಳವೇ 2022ರ ಬೇಸಿಗೆಯಲ್ಲಿ ಒಣಗಿತ್ತು. ಒಬ್ಬ ಗೈಡಿಗೆ ಫೋನ್ ಮಾಡಿದ್ದರೂ ಸಾಕಿತ್ತು, ‘ಈ ಸಲ ಬರಬೇಡಿ’ ಅನ್ನುತ್ತಿದ್ದರು.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. 2025ರ ಜನವರಿ. ಅಪ್ಪ ತೊಂಬತ್ತು ದಿನದ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಮೊಣಕಾಲು ನೋವು, ಮೊಟ್ಟೆ ಕೂಡ ಮುಟ್ಟದ ಊಟ, ಸಂಜೆ ಚಹಾ ತಪ್ಪಿದರೆ ತಲೆನೋವು. ಗುಂಪಿನ ಮಾತೇ ಇರಲಿಲ್ಲ. ತ್ರುಹಿಯೋ ಹತ್ತಿರದ ಹಳ್ಳಿಯಲ್ಲಿ ಒಂದು ಮನೆ ಐದು ರಾತ್ರಿಗೆ ಹಿಡಿದೆವು, ಮನೆಯ ಒಡತಿಯೇ ಗೈಡ್ ನಂಬರ್ ಕೊಟ್ಟರು. ಐದರಲ್ಲಿ ಮೂರು ದಿನಕ್ಕೆ ಮಾತ್ರ ಅವರನ್ನು ಕರೆದೆವು.

ಮೊದಲ ದಿನ ಅದೇ ಮಗಾಸ್ಕಾ ಬಯಲು. ಗೈಡ್ ನಮ್ಮ ಬಾಡಿಗೆ ಕಾರಿನಲ್ಲೇ ಮುಂದೆ ಕೂತರು. ಸುತ್ತಲಿನ ಜಮೀನೆಲ್ಲ ಖಾಸಗಿ, ಬೇಲಿ ಹಾಕಿದ್ದು. ಯಾವ ಮಣ್ಣುದಾರಿಯಲ್ಲಿ ಹೋಗಬಹುದು, ಮಳೆ ಬಂದ ಮೇಲೆ ಯಾವುದರಲ್ಲಿ ಚಕ್ರ ಹೂತುಕೊಳ್ಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಷರತ್ತು ಒಂದೇ: ಯಾರೂ ಇಳಿಯಬಾರದು. ಎಂಜಿನ್ ಆರಿಸಿದೆವು. ಹಿಂದಿನ ಕಿಟಕಿಯ ಗಾಜನ್ನು ಅರ್ಧ ಇಳಿಸಿ, ಅದರ ಅಂಚಿಗೆ ಕ್ಲಾಂಪ್ ಹಾಕಿ ಟೆಲಿಸ್ಕೋಪನ್ನು ಅಪ್ಪನ ಕಣ್ಣಿನ ಮಟ್ಟಕ್ಕೆ ಬಿಗಿದರು. ಒಂದೆರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ತಲೆಯೆತ್ತಿ ನಿಂತಿದ್ದ ಬಸ್ಟರ್ಡ್‌ಗಳು ಒಂದೊಂದಾಗಿ ಕುತ್ತಿಗೆ ತಗ್ಗಿಸಿ ಮೇಯತೊಡಗಿದವು. ಇಪ್ಪತ್ತಮೂರು ಇದ್ದವು. ಗಂಡು ಹದಿನೈದು ಕಿಲೋ ತನಕ ತೂಗುತ್ತದಂತೆ ಎಂದು ಅಪ್ಪನಿಗೆ ಹೇಳಿದೆ. ಅವರು ಕಣ್ಣು ತೆಗೆಯದೆ, “ಇದರ ನಡಿಗಿ ನೋಡವ್ವಾ, ಗೌಡ್ರು ಹೊಲಾ ನೋಡಾಕ ಬಂದಂಗ ಐತಿ” ಅಂದರು.

“ನಿಮ್ಮ ಎರೆಭೂತ ಹಿಂಗ ಇತ್ತೇನ್ರಿ ಅಪ್ಪಾ?”

“ಮೈ ಹಿಂಗ. ನಮ್ಮದಕ್ಕ ಕುತ್ತಿಗಿ ಬೆಳ್ಳಗ, ತೆಲಿ ಮ್ಯಾಲೆ ಕರಿ ಟೊಪಗಿ. ಇದರ ತೆಲಿ ಬೂದಿ ಬಣ್ಣ ಐತಿ.”

ಇಪ್ಪತ್ತೈದು ನಿಮಿಷ ಅಲ್ಲೇ ಇದ್ದೆವು. ‘ಆಯ್ತಾ?’ ಎಂದು ಯಾರೂ ಕೇಳಲಿಲ್ಲ. ಗಂಡು ಹಕ್ಕಿ ಗರಿ ತಿರುವಿ ಬಿಳಿ ಹೂವಿನ ಚೆಂಡಿನಂತಾಗುವ ಕುಣಿತ ನೋಡಬೇಕೆಂದರೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಹೋಗಬೇಕು. ಚಳಿಗಾಲದಲ್ಲಿ ಅದಿಲ್ಲ, ಹಿಂಡು ಮಾತ್ರ.

ಎರಡನೆಯ ರಾತ್ರಿ ಒಂಬತ್ತಕ್ಕೆ ಗೈಡಿನಿಂದ ವಾಟ್ಸ್ಆ್ಯಪ್: ನಾಳೆ ಮಂಜು, ಗದ್ದೆ ಬೇಡ, ಮೊನ್‌ಫ್ರಾಗ್ವೆ ಕೋಟೆಗೆ ಹೋಗೋಣ. ಬೆಳಿಗ್ಗೆ ಹತ್ತಕ್ಕೆ ಬೆಟ್ಟದ ಮೇಲೆ ಬಿಸಿಲು, ಕೆಳಗೆ ತಾಹೊ ನದಿಯ ಕಣಿವೆ ತುಂಬ ಉಕ್ಕಿದ ಹಾಲಿನಂತೆ ಮಂಜು. ಬಿಸಿಲೇರಿ ಗಾಳಿ ಮೇಲೇಳುತ್ತಿದ್ದ ಹಾಗೆ ರಣಹದ್ದುಗಳು ನಮ್ಮ ಕಾಲಿನ ಮಟ್ಟದಿಂದ ಹೊರಟು ತಲೆಯ ಮೇಲಕ್ಕೆ ಸುತ್ತಿ ಸುತ್ತಿ ಏರಿದವು. ಗೂಡಿಗೆಂದು ಒಂದು ಹದ್ದು ಒಯ್ಯುತ್ತಿದ್ದ ಕಡ್ಡಿಯೂ ಬರಿಗಣ್ಣಿಗೆ ಕಂಡಿತು. ಟೆಲಿಸ್ಕೋಪನ್ನು ಬಿಚ್ಚಲೇ ಇಲ್ಲ. ದನ ಸತ್ತರೆ ಊರಾಚೆ ಇವು ಮುಕುರುತ್ತಿದ್ದದ್ದನ್ನು ಅಪ್ಪ ಕಂಡವರು. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿಯಿಂದ ನಮ್ಮಲ್ಲಿ ಅವು ನೆಲಕಚ್ಚಿದವು, 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದೆಂದು ನಿಷೇಧವಾಯಿತು. ಅದೇ ಔಷಧಿಗೆ ಸ್ಪೇನ್ 2013ರಲ್ಲಿ ಅನುಮತಿ ಕೊಟ್ಟಿದೆ. ಯಾವ ಧೈರ್ಯವೋ.

ಕ್ರೌಂಚಗಳನ್ನು ಅವತ್ತೇ ಸಂಜೆ ನೋಡಿದೆವು. ಓಕ್ ಮರಗಳ ಕೆಳಗೆ ಉದುರಿದ ಕಾಯಿ ತಿಂದುಕೊಂಡಿದ್ದವು ಸಾಲು ಸಾಲಾಗಿ ನೀರಿಗೆ ಮರಳುತ್ತಿದ್ದವು.

ಇದರಲ್ಲೂ ಕುಂದು ಇಲ್ಲವೇ? ಇದೆ. ಮನೆ ಕಲ್ಲಿನದು, ಒಳಗೆ ಹೊರಗಿಗಿಂತ ಥಂಡಿ. ಸೌದೆ ಒಲೆಗೆ ಸೌದೆಯ ದುಡ್ಡು ಬೇರೆ. ಅಪ್ಪ ಮಂಕಿ ಟೋಪಿ ಹಾಕಿಕೊಂಡೇ ಮಲಗಿದರು. ಆದರೆ ನಡುಮನೆಯಲ್ಲಿ ಒಂದು ದುಂಡು ಮೇಜು, ನೆಲ ಮುಟ್ಟುವ ದಪ್ಪ ಬಟ್ಟೆ ಹೊದಿಸಿದ್ದು, ಅಡಿಯಲ್ಲಿ ಹೀಟರು. ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕಾಲು ಒಳಗಿಟ್ಟರೆ ಮುಗಿಯಿತು. ಅಪ್ಪನನ್ನು ಅಲ್ಲಿಂದ ಎಬ್ಬಿಸುವುದೇ ದಿನಾ ಒಂದು ಕೆಲಸ. ಗೈಡಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಅವರಿಗೆ ಜ್ವರ ಬಂದರೆ ಬದಲಿಯೂ ಇಲ್ಲ.

ಊಟದ್ದು ಒಂದು ಮಾತು. ಓಕ್ ಕಾಯಿ ತಿಂದು ಬೆಳೆದ ಹಂದಿಯ ಹ್ಯಾಮಿಗೆ ಹೆಸರಾದ ಸೀಮೆ ಅದು, ತರಕಾರಿ ಕೇಳಿದರೂ ಅದರಲ್ಲಿ ಹಂದಿಯ ಚೂರು ಬರುತ್ತದೆ. ಗುಂಪಿನಲ್ಲಿ ಎಂಟು ದಿನ ಬ್ರೆಡ್ಡು-ಚೀಸ್ ತಿಂದಿದ್ದೆ. ಈ ಸಲ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು, ಅಡುಗೆಮನೆಯಲ್ಲಿ ಬೇಳೆ ಬೇಯಿಸಿಕೊಂಡೆವು. ಅದೇ ಸೀಮೆಯ ಲಾ ವೇರಾದ ಮೆಣಸಿನ ಪುಡಿಯ ಡಬ್ಬಿ ತೆಗೆದು ಮೂಸಿದ ಅಪ್ಪ, “ಬ್ಯಾಡಗಿ ಕಾಯಿ ಹೊಗಿಗೆ ಹಿಡದಾರ” ಅಂದರು. ನಿಜವೇ, ಅದನ್ನು ಓಕ್ ಸೌದೆಯ ಹೊಗೆಯಲ್ಲೇ ಒಣಗಿಸುವುದು.

ಖರ್ಚು: ಮನೆ 475, ಕಾರು 210, ಗೈಡ್ ಮೂರು ದಿನಕ್ಕೆ 660, ಪೆಟ್ರೋಲ್ 90, ಊಟತಿಂಡಿ 150. ಒಟ್ಟು 1,585 ಯೂರೋ, ಮೂವರಿಗೆ. ಅಂದರೆ ತಲೆಗೆ 530 ಸಹ ಆಗಲಿಲ್ಲ. ಎರಡು ರಾತ್ರಿ ಕಡಿಮೆ, ದೊನ್ಯಾನ ಇಲ್ಲ, ವಿಮಾನದ ಟಿಕೆಟ್ ಎರಡರಲ್ಲೂ ಬೇರೆ. ಹಕ್ಕಿ 87 ಜಾತಿ, ಎಲ್ಲವನ್ನೂ ನೋಡಿಯೇ ಬರೆದುಕೊಂಡದ್ದು.

ನೀವು ಒಬ್ಬರೇ ಹೋಗುವವರಾದರೆ ಗೈಡಿನ ದುಡ್ಡು ಹಂಚಿಕೊಳ್ಳಲು ಜನ ಇರುವುದಿಲ್ಲ, ಆಗ ಗುಂಪೇ ಸರಿ. ಬಲಗಡೆ ಗಾಡಿ ಓಡಿಸಲು ಅಂಜಿಕೆಯಿದ್ದರೂ, ಪಟ್ಟಿ ಉದ್ದ ಮಾಡುವ ಚಟವಿದ್ದರೂ ಗುಂಪೇ. ನಮ್ಮವರು ಈಗಲೂ ಗುಂಪಿನ ಪರ ವಾದಿಸುತ್ತಾರೆ, ಬಸ್ಟರ್ಡನ್ನು ಅವತ್ತೇ ಕಣ್ತುಂಬ ನೋಡಿದ್ದೆ ಅನ್ನುತ್ತಾರೆ. ಅವರ ಎತ್ತರ ಆರಡಿ ಒಂದಿಂಚು.