ಹದಿನಾಲ್ಕು ತಿಂಗಳ ಬಗ್ಗಿ: ಶಾಕ್‌ಗೆ ಪೂರ್ತಿ ಅಂಕ, ಸ್ಟೀರಿಂಗ್ ನಾಪಾಸು

ಮೋಟಾರು, ಬ್ಯಾಟರಿ, ವೇಗ ಎಲ್ಲ ಡಬ್ಬಿಯ ಮೇಲೆಯೇ ಬರೆದಿದೆ, ಅದನ್ನೇ ಇಲ್ಲಿ ಮತ್ತೆ ಕುಟ್ಟುವುದಿಲ್ಲ. ಇದು 1/10 ಅಳತೆಯ, ರಿಮೋಟಿನಲ್ಲಿ ಓಡಿಸುವ ಎಲೆಕ್ಟ್ರಿಕ್ ಆಟಿಕೆ ಕಾರು, ಬಗ್ಗಿ ಮಾದರಿಯದು, ಬಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹದಿನಾಲ್ಕು ತಿಂಗಳಿಂದ ವಾರಕ್ಕೆ ಎರಡು ಬ್ಯಾಟರಿಯಂತೆ ಧಾರವಾಡದ ಕೆಂಪು ಮಣ್ಣಿನ ಮೈದಾನದಲ್ಲೂ ನವಲಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಯಲ್ಲೂ ಓಡಿದೆ. ಮುರಿದದ್ದು ಕಡಿಮೆ. ತಲೆ ತಿಂದದ್ದು ಒಂದೇ, ಸ್ಟೀರಿಂಗ್.

ಹೊಸದಿದ್ದಾಗಲೇ ಗಾಡಿ ನೇರ ಹೋಗುತ್ತಿರಲಿಲ್ಲ. ರಿಮೋಟಿನಲ್ಲಿ ಗಾಡಿಯ ನೇರ ಸರಿಪಡಿಸುವ ಟ್ರಿಮ್ ಒಂದು ಕ್ಲಿಕ್ ಎಡಕ್ಕೆ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ವಾಪಸ್ ತಂದರೆ ಬಲಕ್ಕೆ. ಕ್ರಿಕೆಟ್ ಬಿಟ್ಟು ನೋಡಲು ಬಂದ ಹುಡುಗರು ಕೇಳಿದ್ದು: “ಅಣ್ಣಾರ, ಗಾಡಿ ಯಾಕ ಕುಡದವರಂಗ ಹೊಂಟೈತ್ರಿ?” ರೋಗಲಕ್ಷಣ ಇದಕ್ಕಿಂತ ಚೊಕ್ಕವಾಗಿ ಹೇಳಲು ಬರುವುದಿಲ್ಲ.

ಮಾರಿದ ಅಂಗಡಿಯವರದು ಒಂದೇ ಮಂತ್ರ: “ಟೋ ಅಡ್ಜಸ್ಟ್ ಮಾಡ್ರಿ.” ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಕೋನ. ಕೈಪಿಡಿಯ ಮಾತೂ ಅದೇ. ಮುಂದಿನ ಚಕ್ರ ಎರಡೂ ಹೊರಗೆ ಅರ್ಧದಿಂದ 1 ಡಿಗ್ರಿ ತೆರೆದಿರಬೇಕು, ಹಿಂದಿನವು ಒಳಗೆ 3 ಡಿಗ್ರಿ ಮುಖ ಮಾಡಿರಬೇಕು ಎಂದು ಅದರಲ್ಲಿದೆ. ಮಾತು ಸರಿ. ಆದರೆ ಲೆಕ್ಕ ನೋಡಿ. ಚಕ್ರದ ಅಡ್ಡಳತೆ 85 ಮಿ.ಮೀ. ಅದನ್ನು 1 ಡಿಗ್ರಿ ತಿರುಗಿಸಿದರೆ ಮುಂದಿನ ಅಂಚು ಸರಿಯುವುದು ಮುಕ್ಕಾಲು ಮಿ.ಮೀ. ಅಷ್ಟೆ. ಗಾಡಿಯನ್ನು ಆನ್ ಮಾಡಿ, ಸರ್ವೋ (ಮುಂದಿನ ಚಕ್ರ ತಿರುಗಿಸುವ ಪುಟ್ಟ ಮೋಟಾರು) ಬಿಗಿಹಿಡಿದಿರುವಾಗ ಚಕ್ರದ ಮುಂದಿನ ಅಂಚನ್ನು ಬೆರಳಲ್ಲಿ ಆಚೀಚೆ ಆಡಿಸಿದರೆ ಪೂರಾ 3 ಮಿ.ಮೀ. ಅಲುಗಾಡುತ್ತಿತ್ತು. ಅಂದರೆ 4 ಡಿಗ್ರಿ. ಗ್ಯಾರೇಜಿನವರು ‘ಪ್ಲೇ’ ಅನ್ನುವುದು ಇದಕ್ಕೇ. 4 ಡಿಗ್ರಿ ಪ್ಲೇ ಇಟ್ಟುಕೊಂಡು 1 ಡಿಗ್ರಿ ಟೋ ಹೊಂದಿಸುವುದೆಂದರೆ ಬಾಗಿಲು ತೆರೆದಿಟ್ಟು ಕಿಟಕಿಗೆ ಚಿಲಕ ಹಾಕಿದ ಹಾಗೆ.

ಹೀಗಾಗಿ ಈ ಗಾಡಿ ಕೊಂಡವರು ಟರ್ನ್‌ಬಕಲ್ (ಟೋ ಹೊಂದಿಸಲು ತಿರುಗಿಸುವ ಕಡ್ಡಿ) ಮುಟ್ಟುವ ಮುಂಚೆ ಪ್ಲೇ ಎಲ್ಲಿದೆ ಎಂದು ಹುಡುಕಬೇಕು. ಒಂದು ಚಕ್ರವನ್ನು ಮೆಲ್ಲಗೆ ಆಡಿಸುತ್ತ, ಚಕ್ರದಿಂದ ಸರ್ವೋವರೆಗೆ ಒಂದೊಂದೇ ಕೀಲಿನ ಮೇಲೆ ಇನ್ನೊಂದು ಕೈಯ ಬೆರಳಿಡಿ. ಕೀಲಿನ ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗಿಂತ ಬೆರಳು ಇದನ್ನು ಬೇಗ ಹಿಡಿಯುತ್ತದೆ.

ಈ ಗಾಡಿಯಲ್ಲಿ ಸಿಕ್ಕ ಕಳ್ಳರು ಮೂವರು. ದೊಡ್ಡವನು ಬೆಲ್‌ಕ್ರ್ಯಾಂಕ್, ಅಂದರೆ ಸರ್ವೋ ತಳ್ಳಿದ್ದನ್ನು ಎರಡೂ ಚಕ್ರಕ್ಕೆ ಹಂಚುವ ಜೋಡಿ ತೋಳು. ಅದು ತಿರುಗುವ ಕಡೆ ಕಂಪನಿ ಹಾಕಿದ್ದು ಪ್ಲಾಸ್ಟಿಕ್ ಬುಷ್. ಕೆಂಪು ಧೂಳು ಒಳಹೊಕ್ಕು ಎರಡೇ ತಿಂಗಳಲ್ಲಿ ಬುಷ್ಷಿನ ತೂತು ಅಂಡಾಕಾರವಾಗಿತ್ತು. ಬುಷ್ ತೆಗೆದು ವರ್ನಿಯರ್‌ನಲ್ಲಿ ಅಳೆದರೆ ಒಳಗೆ 5, ಹೊರಗೆ 8, ದಪ್ಪ 2.5 ಮಿ.ಮೀ. ಇದೇ ಅಳತೆಯ ಬೇರಿಂಗ್ ಇದೆ, ನಂಬರು ಎಂಆರ್85. ಬೇರಿಂಗ್ ಅಂಗಡಿಗೆ ಹೋದರೆ ನಂಬರು ಮಾತ್ರ ಹೇಳಿ, ಆಟಿಕೆ ಕಾರಿಗೆ ಅಂದರೆ ನಕ್ಕು ಕಳಿಸುತ್ತಾರೆ. ಲೋಹದ ಮುಚ್ಚಳದ ಝಡ್‌ಝಡ್ ಬೇಡ, ರಬ್ಬರ್ ಸೀಲಿನ 2ಆರ್‌ಎಸ್ ಕೇಳಿ. ನಮ್ಮ ಧೂಳಿಗೆ ಅದೇ ತಾಳುವುದು. ನಾಲ್ಕು ಬೇಕು. ಕೂರಿಸಿದ ಮೇಲೂ ತೋಳು ಮೇಲೆ-ಕೆಳಗೆ ಅಲುಗಿದರೆ 5 ಮಿ.ಮೀ. ತೂತಿನ, 0.2 ಮಿ.ಮೀ. ದಪ್ಪದ ಶಿಮ್ (ತೆಳು ಬಿಲ್ಲೆ) ಒಂದನ್ನು ಸೇರಿಸಿ. ಶಿಮ್ ಸಿಗದಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನ ಮೈ ಸುಮಾರು 0.1 ಮಿ.ಮೀ. ಇರುತ್ತದೆ, ಎರಡು ಬಿಲ್ಲೆ ಕತ್ತರಿಸಿದರೆ ಕೆಲಸ ನಡೆಯುತ್ತದೆ. ಸ್ಕ್ರೂ ಪೂರಾ ಬಿಗಿದು, ಆಮೇಲೆ ಕಾಲು ಸುತ್ತು ಸಡಿಲಿಸಿ. ತೋಳಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಬಿಚ್ಚಿದಾಗ ತೋಳು ತನ್ನ ಭಾರಕ್ಕೆ ತಾನೇ ಬೀಳುವಂತಿರಬೇಕು. ಬಿಗಿಯಾದರೆ ಪ್ಲೇಗಿಂತ ಕೆಟ್ಟದ್ದು: ಸರ್ವೋ ಪ್ರತಿಸಲ ಬೇರೆ ಬೇರೆ ಕಡೆ ನಿಲ್ಲುತ್ತದೆ.

ಎರಡನೆಯವನು ಬಾಲ್ ಕಪ್, ಅಂದರೆ ರಾಡಿನ ತುದಿಯಲ್ಲಿ ಗುಂಡನ್ನು ಹಿಡಿದಿರುವ ಬಟ್ಟಲು. ಹೊಸದರಲ್ಲಿ ಬಿಗಿ, ನಾಲ್ಕೈದು ಸಲ ಬಿಚ್ಚಿ ಹಾಕಿದ ಮೇಲೆ ಸಡಿಲ. ಹೊಸ ಕಪ್ಪೇ ಸರಿಯಾದ ದಾರಿ. ಅದು ಬರುವ ತನಕ ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲದ ತುಂಡೊಂದನ್ನು ಗುಂಡಿನ ಮೇಲಿಟ್ಟು ಕಪ್ ಒತ್ತಿ, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕೊಯ್ಯಿರಿ. ತಿಂಗಳು ನಡೆಯುತ್ತದೆ. ಆದರೆ ಬಾಲ್ ಕಪ್ಪಿಗೆ ಎಣ್ಣೆ, ಗ್ರೀಸು ಮುಟ್ಟಿಸಬೇಡಿ. ಎರಿ ಮಣ್ಣಿನ ಪುಡಿ ಅದರ ಜೊತೆ ಕಲೆತು ಸಾಣೆ ಹಿಡಿದಂತೆ ಗುಂಡನ್ನು ತಿನ್ನುತ್ತದೆ. ಒಣಗಿದ ಹಲ್ಲುಜ್ಜುವ ಬ್ರಷ್ ಸಾಕು.

ಮೂರನೆಯದು ಸರ್ವೋ ಸೇವರ್. ಚಕ್ರ ಕಲ್ಲಿಗೆ ಬಡಿದಾಗ ಪೆಟ್ಟು ಸರ್ವೋದ ಗೇರಿಗೆ ತಾಗದಂತೆ ಸ್ಪ್ರಿಂಗ್ ತೆರೆದುಕೊಳ್ಳುವ ಉಪಾಯ ಅದು. ಕಂಪನಿಯದು ಎಷ್ಟು ಮೆತ್ತಗೆ ಅಂದರೆ ಬಡಿಯುವುದೇ ಬೇಡ, ನೆಲದ ಹಿಡಿತಕ್ಕೇ ತೆರೆದುಕೊಳ್ಳುತ್ತದೆ. ಗಾಡಿಯನ್ನು ನೆಲದ ಮೇಲಿಟ್ಟು, ಮುಂದಿನ ಭಾಗವನ್ನು ಸ್ವಲ್ಪ ಒತ್ತಿಹಿಡಿದು ರಿಮೋಟಿನಲ್ಲಿ ಪೂರಾ ತಿರುಗಿಸಿ ನೋಡಿ. ಸರ್ವೋ ಸದ್ದು ಮಾಡುತ್ತ ತಿರುಗಿದರೂ ಚಕ್ರ ಅರ್ಧಕ್ಕೇ ನಿಂತರೆ ಸೇವರ್ ಸೋತಿದೆ ಎಂದೇ ಅರ್ಥ. ವೇಗದ ತಿರುವಿನಲ್ಲಿ ಗಾಡಿ ಅಗಲಕ್ಕೆ ಹೋಗುವುದಕ್ಕೆ ಅರ್ಧ ಕಾರಣ ಇದು. ಹಾಗೆಂದು ಸೇವರ್ ಕಿತ್ತೆಸೆದು ಗಟ್ಟಿ ಲೋಹದ ಹಾರ್ನ್ (ಸರ್ವೋ ದಂಡಕ್ಕೆ ಕೂರುವ ತೋಳು) ಹಾಕುವುದು ಜಾಣತನವಲ್ಲ. ಮೈದಾನದ ಅಂಚಿನ ಕಲ್ಲಿಗೆ ಒಂದು ಪೆಟ್ಟು ಬಿದ್ದರೆ ಸರ್ವೋದ ಹಲ್ಲು ಉದುರುತ್ತದೆ. ಗಟ್ಟಿ ಸ್ಪ್ರಿಂಗಿನ ಸೇವರ್ ಬೇರೆ ಸಿಗುತ್ತದೆ, ಅದನ್ನು ಹಾಕಿ. ಕೊಳ್ಳುವಾಗ ಸರ್ವೋ ದಂಡದ ಹಲ್ಲು ಎಣಿಸಿ: 23, 24, 25 ಮೂರೂ ಚಾಲ್ತಿಯಲ್ಲಿವೆ. 24ರದ್ದನ್ನು 25ರ ಮೇಲೆ ಒತ್ತಾಯದಿಂದ ಕೂರಿಸಿದರೆ ಅದೂ ಹೋಯಿತು, ಇದೂ ಹೋಯಿತು.

ಬೇರಿಂಗ್, ಕಪ್, ಸೇವರ್ ಎಲ್ಲ ಸೇರಿ ಒಂಬೈನೂರರ ಒಳಗೆ ಮುಗಿಯಿತು. 3 ಮಿ.ಮೀ. ಪ್ಲೇ ಅರ್ಧ ಮಿ.ಮೀ.ಗೆ ಇಳಿಯಿತು. ಇಷ್ಟು ದುಡ್ಡಿನ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿದ್ದರೆ ಇನ್ನೂರು ರೂಪಾಯಿ ಹೆಚ್ಚು ಬೀಳುತ್ತಿತ್ತೇನೋ. ಬದಲಿಗೆ ಮೈ ತುಂಬ ಬಣ್ಣದ ಸ್ಟಿಕ್ಕರ್ ಕೊಟ್ಟಿದ್ದಾರೆ.

ಪ್ಲೇ ಹೋದ ಮೇಲೆ ಮಾತ್ರ ಅಲೈನ್‌ಮೆಂಟಿಗೆ ಅರ್ಥ. ಮೊದಲು ಸೇವರಿನ ಹಾರ್ನ್ ಬಿಚ್ಚಿ. ರಿಮೋಟ್, ಗಾಡಿ ಎರಡೂ ಆನ್ ಇರಲಿ, ಟ್ರಿಮ್ ಸೊನ್ನೆಗೆ ಬರಲಿ, ಸರ್ವೋ ತನ್ನ ನಡುವಿಗೆ ಬಂದು ನಿಲ್ಲಲಿ. ಆಮೇಲೆ ಹಾರ್ನನ್ನು, ಬೆಲ್‌ಕ್ರ್ಯಾಂಕಿಗೆ ಹೋಗುವ ರಾಡಿಗೆ ಲಂಬವಾಗಿ ಕೂರಿಸಿ. ಆಫ್ ಇದ್ದಾಗ ಅಂದಾಜಿನಲ್ಲಿ ಕೂರಿಸಿದರೆ ಒಂದು ಬದಿ ಹೆಚ್ಚು, ಇನ್ನೊಂದು ಬದಿ ಕಡಿಮೆ ತಿರುಗುತ್ತದೆ. ಹಲ್ಲಿನ ಲೆಕ್ಕದಲ್ಲಿ ಪೂರಾ 90 ಬರದಿದ್ದರೆ ಉಳಿದದ್ದನ್ನು ರಿಮೋಟಿನ ಸಬ್‌ಟ್ರಿಮ್‌ (ನಡುವಿನ ಸಣ್ಣ ಹೊಂದಾಣಿಕೆ) ನಲ್ಲಿ ತುಂಬಿ. ಎರಡೂ ಟೈ ರಾಡ್ ವರ್ನಿಯರ್‌ನಲ್ಲಿ ಒಂದೇ ಉದ್ದ ಇರಲಿ. ಟರ್ನ್‌ಬಕಲ್‌ನ ಒಂದು ತುದಿ ಎಡಗೈ ಮರೆಯದು (ಮರೆ ಅಂದರೆ ಸ್ಕ್ರೂವಿನ ಸುತ್ತು), ಇನ್ನೊಂದು ಬಲಗೈಯದು. ಮಧ್ಯದ ಗೀರಿಗೆ ಹತ್ತಿರದ ತುದಿಯನ್ನು ಎಲ್ಲ ಕಡೆ ಒಂದೇ ದಿಕ್ಕಿಗೆ ಹಾಕಿದರೆ ಪಾನಾ ಯಾವ ಕಡೆ ತಿರುಗಿಸಬೇಕು ಎಂದು ಪ್ರತಿಸಲ ಯೋಚಿಸುವ ಕೆಲಸ ಇಲ್ಲ. ಕೊನೆಗೆ ಎಂಡ್ ಪಾಯಿಂಟ್, ಅಂದರೆ ಸರ್ವೋ ಎಷ್ಟರ ತನಕ ತಿರುಗಬೇಕು ಎಂಬ ರಿಮೋಟಿನ ಮಿತಿ: ಚಕ್ರ ಪೂರಾ ತಿರುಗಿ ನಿಂತಾಗ ಸರ್ವೋ ಗುಂಯ್ ಎನ್ನುತ್ತಿದ್ದರೆ ಆ ಸದ್ದು ನಿಲ್ಲುವ ತನಕ ಕಡಿಮೆ ಮಾಡಿ. ಗುಂಯ್‌ಗುಟ್ಟುವ ಸರ್ವೋ ಕಾದು ಸಾಯುತ್ತದೆ, ಬೇಸಿಗೆಯಲ್ಲಿ ಬೇಗ.

ಇಷ್ಟೆಲ್ಲ ಆಗಿಯೂ ಗುಂಡಿ ಹಾರುವಾಗ ಗಾಡಿ ಸರ್ರನೆ ಪಕ್ಕಕ್ಕೆ ಸರಿದರೆ ಅದು ಬಂಪ್ ಸ್ಟಿಯರ್. ಮುಂದಿನ ಸ್ಪ್ರಿಂಗ್ ತೆಗೆದು ಚಕ್ರವನ್ನು ಕೈಯಲ್ಲಿ ಕೆಳಗಿನಿಂದ ಮೇಲೆ ಎತ್ತುತ್ತ ಮುಂದಿನಿಂದ ನೋಡಿ. ಚಕ್ರದ ಮುಖ ತಿರುಗಬಾರದು. ತಿರುಗಿದರೆ ಟೈ ರಾಡ್‌ನ ಹೊರತುದಿಯ ಬಾಲ್ ಕೆಳಗೆ 1 ಮಿ.ಮೀ. ವಾಷರ್ ಹಾಕಿ ಮತ್ತೆ ನೋಡಿ. ಹೆಚ್ಚಾಯಿತೋ, ಹಾಗಾದರೆ ಉಲ್ಟಾ ಹೋಗಬೇಕು. ಇದರಲ್ಲಿ 2 ಮಿ.ಮೀ. ಹಾಕಿದಾಗ ಬಹುಮಟ್ಟಿಗೆ ಹೋಯಿತು.

ಈಗ ಶಾಕ್, ಅಂದರೆ ಕುಲುಕು ನುಂಗುವ ಶಾಕ್ ಅಬ್ಸಾರ್ಬರ್. ಈ ಗಾಡಿಯನ್ನು ಸಿಟ್ಟಿನಲ್ಲಿ ಮಾರದೆ ಇಟ್ಟುಕೊಳ್ಳಲು ಇವೇ ಕಾರಣ. ಈ ಬೆಲೆಗೆ ಅಲ್ಯೂಮಿನಿಯಂ ಮೈ, ಸ್ಪ್ರಿಂಗಿನ ಎತ್ತರ ಹೊಂದಿಸಲು ಮರೆ ಇರುವ ಕಾಲರ್, ಮುಚ್ಚಳದಲ್ಲಿ ರಬ್ಬರ್ ಬ್ಲ್ಯಾಡರ್ (ಎಣ್ಣೆಯ ಮೇಲಿನ ಪೊರೆ) ಯಾರೂ ಕೊಡುವುದಿಲ್ಲ. ತಿಂಗಳಿಗೊಂದು ಭಾನುವಾರ ಇವಕ್ಕೆ ಎಣ್ಣೆ ಬದಲಿಸುವುದು ಕೆಲಸ ಅನ್ನಿಸುವುದೇ ಇಲ್ಲ.

ಹಳೇ ಎಣ್ಣೆ ಚೆಲ್ಲಿ, ದಂಡವನ್ನು ಒರೆಸಿ, ಬೆಳಕಿಗೆ ಹಿಡಿದು ಗೀರು ಇದೆಯೇ ನೋಡಿ. ಗೀರು ಬಿದ್ದ ದಂಡ ಯಾವ ಓರಿಂಗನ್ನೂ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ಉಳಿಸುವುದಿಲ್ಲ. ಓರಿಂಗಿಗೆ ಸಿಲಿಕೋನ್ ಗ್ರೀಸ್ ಒಂದು ಚುಕ್ಕೆ ಹಚ್ಚಿ, ಮೋಟಾರ್‌ಸೈಕಲ್ಲಿನ ಗ್ರೀಸ್ ಬೇಡ, ಕೆಲವು ರಬ್ಬರ್ ಅದಕ್ಕೆ ಉಬ್ಬಿಕೊಳ್ಳುತ್ತವೆ. ದಂಡ ಪೂರಾ ಕೆಳಗೆಳೆದು, ಅಂಚಿಗೆ ಒಂದು ಕೂದಲಿನಷ್ಟು ಕಡಿಮೆ ಎಣ್ಣೆ ತುಂಬಿ. ಪಿಸ್ಟನ್ನನ್ನು ನಿಧಾನ, ಬಹಳ ನಿಧಾನ, ಎಣ್ಣೆಯಿಂದ ಹೊರಗೆ ಬರದಂತೆ ಏಳೆಂಟು ಸಲ ಮೇಲೆ-ಕೆಳಗೆ ಮಾಡಿ. ಮೊದಲು ಪಿಸ್ಟನ್ನಿನ ತೂತುಗಳಿಂದ ದೊಡ್ಡ ಗುಳ್ಳೆ, ಆಮೇಲೆ ಸೋಡಾದ ಗುಳ್ಳೆಯಂಥವು ಬರುತ್ತವೆ. ನಾಲ್ಕೂ ಶಾಕ್‌ಗಳನ್ನು ಒಂದು ಲೋಟದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟುಬಿಡಿ. ಚಾ ಕುಡಿಯಲು ಇದಕ್ಕಿಂತ ಒಳ್ಳೆಯ ನೆಪ ಇಲ್ಲ. ಎಣ್ಣೆ ಕನ್ನಡಿಯಂತೆ ತಿಳಿಯಾದ ಮೇಲೆ ದಂಡವನ್ನು ಅರ್ಧ ಮೇಲೇರಿಸಿ, ಬ್ಲ್ಯಾಡರ್ ಓರೆಯಾಗಿ ಇಳಿಸಿ, ಹೆಚ್ಚಾದ ಎಣ್ಣೆ ಹೊರಚೆಲ್ಲುವಂತೆ ಮುಚ್ಚಳ ತಿರುಗಿಸಿ. ಕೈಯಲ್ಲಿ ಒತ್ತಿ ಬಿಟ್ಟಾಗ ಬಲ-ಎಡ ಎರಡೂ ಒಂದೇ ವೇಗದಲ್ಲಿ, ಒಂದೇ ಎತ್ತರಕ್ಕೆ ವಾಪಸ್ ಬರಬೇಕು. ಒಳಗೆ ಪಚಪಚ ಸದ್ದು ಬಂದರೆ ಗಾಳಿ ಉಳಿದಿದೆ, ಮತ್ತೆ ಬಿಚ್ಚಿ.

ಎಣ್ಣೆಯ ಗಟ್ಟಿತನದಲ್ಲಿ ಕೈಪಿಡಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಎಣ್ಣೆ ಡಬ್ಬಿಯ ಮೇಲಿನ ಸಿ.ಎಸ್.ಟಿ. (ಗಟ್ಟಿತನದ ಅಳತೆ) ಅಂಕಿ 25 ಡಿಗ್ರಿ ಉಷ್ಣತೆಯದು. ಏಪ್ರಿಲಿನಲ್ಲಿ ಗದಗದ ಬಯಲಿನಲ್ಲಿ 40ರ ಬಿಸಿಲಿಗೆ ಸಿಲಿಕೋನ್ ಎಣ್ಣೆ ಸುಮಾರು ಕಾಲುಭಾಗ ತೆಳುವಾಗುತ್ತದೆ. 350 ಹಾಕಿದ್ದು 260ರಂತೆ ನಡೆದುಕೊಳ್ಳುತ್ತದೆ, ಗಾಡಿ ಚೆಂಡಿನಂತೆ ಪುಟಿಯುತ್ತದೆ. ಮಳೆಗಾಲ, ಚಳಿಗಾಲಕ್ಕೆ ಮುಂದೆ 400, ಹಿಂದೆ 350. ಮಾರ್ಚಿನಿಂದ ಮೇ ತನಕ ಮುಂದೆ 500, ಹಿಂದೆ 425. ಪಿಸ್ಟನ್ ಕಂಪನಿಯದೇ ಇರಲಿ.

ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಎತ್ತರ ಇರಬೇಕು ಎನ್ನುವುದನ್ನೂ ನೆಲ ನೋಡಿ ಇಡಿ. ನುಣುಪು ಟ್ರ್ಯಾಕಿಗೆ 22 ಮಿ.ಮೀ. ಅನ್ನುತ್ತಾರೆ, ನಮ್ಮ ಬೆಣಚುಕಲ್ಲಿನ ಮೈದಾನಕ್ಕೆ 27 ಬೇಕು. ಬ್ಯಾಟರಿ ಹಾಕಿಕೊಂಡೇ ಅಳೆಯಿರಿ. ಅರ್ಧ ಅಡಿಯಿಂದ ಕೈಬಿಟ್ಟಾಗ ಹೊಟ್ಟೆ ನೆಲಕ್ಕೆ ಮೆಲ್ಲಗೆ ತಾಗಿ, ಒಂದೇ ಸಲಕ್ಕೆ ಮೇಲೆದ್ದು ನಿಲ್ಲಬೇಕು. ಎರಡನೇ ಪುಟಿತ ಬಂದರೆ ಎಣ್ಣೆ ತೆಳು. ಇನ್ನೊಂದು ಪರೀಕ್ಷೆ: ಮೂತಿಯ ನಟ್ಟನಡುವೆ ಚಾಕುವಿನ ತುದಿಯಿಟ್ಟು ಎತ್ತಿ. ಎರಡೂ ಮುಂಚಕ್ರ ಒಟ್ಟಿಗೆ ನೆಲ ಬಿಡಬೇಕು. ಒಂದು ತಡವಾದರೆ ಸ್ಪ್ರಿಂಗ್ ಕಾಲರ್ ಅಥವಾ ತಿರುಚಿದ ಚಾಸಿಸ್ ನೋಡಿ. ಬ್ರೇಕ್ ಹಾಕಿದಾಗ ಗಾಡಿ ಒಂದೇ ಕಡೆ ಸುತ್ತುವುದಕ್ಕೆ ಇದು ಕಾರಣ, ಜನ ಸುಮ್ಮನೆ ಸ್ಟೀರಿಂಗನ್ನು ಬೈಯುತ್ತಾರೆ.

ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ವಾಲುವ ಕೋನ, ಮುಂದೆ-ಹಿಂದೆ ಒಳಕ್ಕೆ 1ರಿಂದ 2 ಡಿಗ್ರಿ ಇಟ್ಟು ಮರೆತುಬಿಡಿ. ವೇಗ ಕೊಟ್ಟಾಗ ಮೂತಿ ನೇರಕ್ಕೇ ಓಡಿದರೆ ಮುಂದಿನ ಶಾಕ್ ಒಳಗೆ 1 ಮಿ.ಮೀ. ಲಿಮಿಟರ್ (ದಂಡ ಪೂರಾ ಚಾಚದಂತೆ ತಡೆಯುವ ಬಿಲ್ಲೆ) ಹಾಕಿ, ಭಾರ ಹಿಂದಕ್ಕೆ ಸರಿಯುವುದು ಕಡಿಮೆಯಾಗುತ್ತದೆ.

ಆರು ಸಾವಿರದ ಆಸುಪಾಸು ಬಜೆಟ್, ವಾರಕ್ಕೊಮ್ಮೆ ಪಾನಾ ಹಿಡಿಯುವ ಚಟ ಎರಡೂ ಇದ್ದವರು ಈ ಗಾಡಿ ಕೊಳ್ಳಬಹುದು, ಬೇರಿಂಗಿನ ದುಡ್ಡು ಮೊದಲೇ ತೆಗೆದಿಟ್ಟು. ಡಬ್ಬಿ ಒಡೆದ ದಿನವೇ ಮಗನ ಕೈಗೆ ಕೊಡುವ ಯೋಚನೆ ಇದ್ದರೆ ಬೇಡ, ಸಂಜೆಯೊಳಗೆ ಇಬ್ಬರೂ ಅಳುತ್ತೀರಿ. ಎರಿ ನೆಲ ಹಸಿ ಇದ್ದಾಗ ಯಾರೂ ಇಳಿಸಬೇಡಿ. ಮಣ್ಣು ಚಕ್ರಕ್ಕೆ ಮೆತ್ತಿ ಒಂದೊಂದೂ ರೊಟ್ಟಿ ಹಿಟ್ಟಿನ ಮುದ್ದೆಯಂತಾಗುತ್ತದೆ, ಅದನ್ನು ಹೊತ್ತು ತಿರುಗಿಸಲು ಹೋಗಿ ಸರ್ವೋ ಸುಡುತ್ತದೆ.

ಹಿಂದಿನ ಬಲ ಶಾಕ್ ಕಳೆದ ವಾರದಿಂದ ಕೆಳಗೆ ಜಿನುಗುತ್ತಿದೆ. ದಂಡದಲ್ಲಿ ಉಗುರಿಗೆ ತಾಗುವಷ್ಟು ಗೀರು. ದಂಡ ಬಿಡಿಯಾಗಿ ಸಿಗುವುದಿಲ್ಲವಂತೆ, ಜೋಡಿ ಶಾಕ್ ಪೂರಾ ತೊಗೋಬೇಕಂತೆ.