ಗೆಣಸು ಬೇಯಿಸಲು ಏರ್ ಫ್ರೈಯರ್, ಕುಕ್ಕರ್, ಓವನ್: ನನ್ನ ಮತ ಮಾತ್ರ ದಪ್ಪ ತಳದ ಬಾಣಲೆಗೆ

ಗೆಣಸಿನ ವಿಷಯದಲ್ಲಿ ನಾನು ಬಾಣಲೆಯ ಪಕ್ಷ. ಎಣ್ಣೆ ಬೇಡ, ನೀರು ಬೇಡ. ಮೇಲೊಂದು ಬಿಗಿ ಮುಚ್ಚಳ, ಕೆಳಗೆ ಸಣ್ಣ ಉರಿ, ಮುಕ್ಕಾಲು ಗಂಟೆ. ಗೆಣಸಿನ ಫ್ರೈಸ್ ಆಸೆಗೆ ಏರ್ ಫ್ರೈಯರ್ ಕೊಳ್ಳಲು ಹೊರಟವರು ಇದನ್ನು ಓದಿಕೊಂಡು ದುಡ್ಡು ಬಿಚ್ಚಲಿ. ನಾನು ಕೊಂಡಾಗಿದೆ. ಬೇರೆ ಅಡುಗೆಗೆ ಅದು ಚೆನ್ನಾಗಿಯೇ ಒದಗುತ್ತದೆ, ಗೆಣಸಿಗೆ ಮಾತ್ರ ಕೈ ಬಾಣಲೆಯ ಕಡೆಗೇ ಹೋಗುತ್ತದೆ.

ಕಾರಣ ಗೆಣಸಿನ ಒಳಗೇ ಇದೆ. ಬೆಂದ ಗೆಣಸಿನ ಸಿಹಿಯಲ್ಲಿ ದೊಡ್ಡ ಪಾಲು ಬೇಯುವಾಗಲೇ ಹುಟ್ಟುವಂಥದ್ದು. ತಿರುಳಿನಲ್ಲಿರುವ ಬೀಟಾ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಅದಕ್ಕೆ ಪಿಷ್ಟ ಬಿಸಿಗೆ ಉಬ್ಬಿ ಮೆತ್ತಗಾಗಿರಬೇಕು, ಕಿಣ್ವವೂ ಇನ್ನೂ ಜೀವ ಹಿಡಿದಿರಬೇಕು. ಈ ಎರಡೂ ಕೂಡಿಬರುವುದು ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ. 80 ದಾಟಿದ ಮೇಲೆ ಕಿಣ್ವದ ಆಟ ಮುಗಿದಂತೆಯೇ. ಹಾಗಾಗಿ ಗೆಣಸಿನ ನಡುಭಾಗ ಈ ಬಿಸಿಯನ್ನು ಎಷ್ಟು ನಿಧಾನವಾಗಿ ಹಾದುಹೋಗುತ್ತದೋ ಅಷ್ಟು ರುಚಿ. ಅವಸರದಲ್ಲಿ ಬೇಯಿಸಿದ್ದು ಮೆತ್ತಗಾಗುತ್ತದೆ, ಸಿಹಿಯಾಗುವುದಿಲ್ಲ.

ಮೈಕ್ರೋವೇವ್ ಸೋಲುವುದು ಇಲ್ಲೇ. 150–200 ಗ್ರಾಂ ಗೆಣಸನ್ನು ಫೋರ್ಕಿನಿಂದ ಏಳೆಂಟು ಕಡೆ ಚುಚ್ಚಿ, ಒದ್ದೆ ಪೇಪರ್ ಟವೆಲ್ ಸುತ್ತಿ, 800 ವ್ಯಾಟ್‌ನಲ್ಲಿ ಐದಾರು ನಿಮಿಷ ಇಟ್ಟು ನಡುವೆ ಒಮ್ಮೆ ಮಗುಚಿದರೆ ಬೇಯುವುದೇನೋ ಬೇಯುತ್ತದೆ. ಆದರೆ ಸಪ್ಪೆ, ಚೂಪು ತುದಿಗಳು ರಬ್ಬರ್. ಹಸಿವು ತಡೆಯದ ದಿನಕ್ಕೆ ಸರಿ.

ಕುಕ್ಕರ್‌ನಲ್ಲಿ ಗೆಣಸು ಕೆಡುವುದು ನೀರಿನಲ್ಲಿ ಮುಳುಗಿಸುವುದರಿಂದ. ಸಿಪ್ಪೆ ಒಡೆದು ತಿರುಳು ನೀರು ಕುಡಿದು ಬಿಡುತ್ತದೆ, ಆಮೇಲೆ ಯಾವ ಮಸಾಲೆಯೂ ಅದನ್ನು ಎತ್ತಲಾರದು. ತಳದಲ್ಲಿ ಸ್ಟ್ಯಾಂಡ್ ಇಟ್ಟು, ಒಂದು ಲೋಟ ನೀರು ಹಾಕಿ, ಇಡೀ ಗೆಣಸು ನೀರಿಗೆ ತಾಗದಂತೆ ಮೇಲಿಟ್ಟು ಮೂರು ವಿಷಲ್ ಕೂಗಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಬಿಡಿ. ಬೇಗ ಆಗುತ್ತದೆ, ಹದವೂ ಪರವಾಗಿಲ್ಲ. ಸಿಹಿ ಮೈಕ್ರೋವೇವ್‌ಗಿಂತ ಒಂದು ಕೈ ಮೇಲು, ಅಷ್ಟೇ. ಹಬೆಯಲ್ಲಾದರೆ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆಗಳಿಗೆ 12–15 ನಿಮಿಷ ಸಾಕು. ನೇರಳೆ ತಿರುಳಿನ ಗೆಣಸಿಗೆ ನಾನು ಹಬೆಯನ್ನೇ ಆರಿಸುವುದು, ಕುದಿಯುವ ನೀರಿಗೆ ಹಾಕಿದರೆ ಅದರ ಬಣ್ಣವೂ ಆ ಬಣ್ಣ ಕೊಡುವ ಆಂಥೋಸಯನಿನ್‌ಗಳೂ ನೀರಿಗೆ ಇಳಿಯುತ್ತವೆ.

ಓವನ್‌ನಲ್ಲಿ ರುಚಿ ಬಾಣಲೆಗೆ ಸಮ, ಕೆಲವೊಮ್ಮೆ ಹೆಚ್ಚೇ. ಕಾಯಿಸದ ಓವನ್‌ನಲ್ಲಿ ಗೆಣಸಿಟ್ಟು 200 ಡಿಗ್ರಿಗೆ ತಿರುಗಿಸಿ ಒಂದು ಗಂಟೆ ಬಿಟ್ಟರಾಯಿತು. ಎರಡು ಗೆಣಸಿಗಾಗಿ ಅಷ್ಟು ದೊಡ್ಡ ಪೆಟ್ಟಿಗೆ ಕಾಯಿಸಲು ನನಗೆ ಮನಸ್ಸಿಲ್ಲ.

ಇನ್ನು ಏರ್ ಫ್ರೈಯರ್. ಇಡೀ ಗೆಣಸನ್ನು 190 ಡಿಗ್ರಿಯಲ್ಲಿ 40 ನಿಮಿಷ ಸುಡುವುದಾದರೆ ನನ್ನ ತಕರಾರಿಲ್ಲ. ಸಿಪ್ಪೆ ಗರಿ, ತಿರುಳು ಮೆತ್ತಗೆ, ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಆದರೆ ಅದನ್ನು ಯಾರೂ ಇಡೀ ಗೆಣಸು ಸುಡಲೆಂದು ಕೊಳ್ಳುವುದಿಲ್ಲ, ಫ್ರೈಸ್‌ಗೆಂದು ಕೊಳ್ಳುತ್ತಾರೆ. ತಲೆನೋವು ಇರುವುದೂ ಅಲ್ಲೇ. ಬುಟ್ಟಿಯಿಂದ ತೆಗೆದಾಗ ಗರಿಗರಿಯಾಗಿ ಕಾಣುವ ಕಡ್ಡಿ ತಟ್ಟೆಗೆ ಬಿದ್ದು ಐದು ನಿಮಿಷಕ್ಕೆ ಬಗ್ಗುತ್ತದೆ. ಇನ್ನೂ ಸ್ವಲ್ಪ ಬಿಟ್ಟು ನೋಡೋಣವೆಂದರೆ ತುದಿ ಕಪ್ಪಾಗಿ ಕಹಿ.

ಆಲೂಗಡ್ಡೆಯಲ್ಲಿ ಪಿಷ್ಟ ಹೆಚ್ಚು, ಸಕ್ಕರೆ ಕಡಿಮೆ. ಮೇಲ್ಪದರ ಒಣಗಿ ಗಟ್ಟಿ ಕವಚವಾಗಲು ಸಮಯ ಸಿಗುತ್ತದೆ. ಗೆಣಸಿನಲ್ಲಿ ಸಕ್ಕರೆ ಮೊದಲು ಕೆಂಪಗಾಗುತ್ತದೆ, ನೀರು ಇನ್ನೂ ಒಳಗೇ ಕೂತಿರುತ್ತದೆ. ಬಣ್ಣ ನೋಡಿ ಹೊರತೆಗೆದರೆ ಒಳಗಿನ ಹಬೆ ಹೊರಬಂದು ಆ ತೆಳ್ಳನೆಯ ಕವಚವನ್ನು ನೆನೆಸಿಬಿಡುತ್ತದೆ. ಉರಿ ಜಾಸ್ತಿ ಮಾಡುವುದು ಪರಿಹಾರವಲ್ಲ. ಕಂದು ಗಾಢವಾದಷ್ಟೂ ಅಕ್ರಿಲಮೈಡ್ ಎಂಬ, ಆರೋಗ್ಯಕ್ಕೆ ಒಳ್ಳೆಯದಲ್ಲದ ರಾಸಾಯನಿಕವೂ ಹೆಚ್ಚುತ್ತದೆ, ಹೊಂಬಣ್ಣಕ್ಕೇ ನಿಲ್ಲಿಸುವುದು ಒಳ್ಳೆಯದು.

ಸರಿಪಡಿಸಬಹುದು, ಆದರೆ ಕೆಲಸ ಇದೆ. ಒಂದು ಸೆಂಟಿಮೀಟರ್ ದಪ್ಪದ ಕಡ್ಡಿಗಳು, ಎಲ್ಲವೂ ಒಂದೇ ಗಾತ್ರ. ಸಪೂರ ತುದಿಗಳನ್ನು ಪಲ್ಯಕ್ಕೋ ಸೂಪಿಗೋ ತೆಗೆದಿಡಿ, ಮೊದಲು ಕಪ್ಪಾಗುವುದು ಅವೇ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ. ಅರೆಬರೆ ಒರೆಸಿದರೆ ಮುಂದಿನದೆಲ್ಲ ವ್ಯರ್ಥ. 300 ಗ್ರಾಂಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಮೊದಲು ಹಾಕಿ ಕುಲುಕಿ, ಬಿಳಿ ಪುಡಿ ಎಲ್ಲ ಕಡೆ ತೆಳುವಾಗಿ ಹತ್ತಿದ ಮೇಲೆ ಎರಡು ಟೀ ಚಮಚ ಎಣ್ಣೆ. ಎಣ್ಣೆ ಮೊದಲು ಬಿದ್ದರೆ ಹಿಟ್ಟು ಗಂಟು ಕಟ್ಟುತ್ತದೆ. ಉಪ್ಪು ಕೊನೆಗೆ, ಬೆಂದ ಮೇಲೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ. 190 ಡಿಗ್ರಿ, 15–18 ನಿಮಿಷ, ಎಂಟನೇ ನಿಮಿಷಕ್ಕೆ ಒಮ್ಮೆ ಕುಲುಕಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕಡ್ಡಿಗಳು ಒಂದೇ ಪದರದಲ್ಲಿ, ನಡುವೆ ಗಾಳಿಯಾಡುವಂತೆ ಇರಬೇಕು. ಸಾಮಾನ್ಯ ಗಾತ್ರದ ಬುಟ್ಟಿಯಲ್ಲಿ ಹಾಗೆ ಹಿಡಿಸುವುದು 250–300 ಗ್ರಾಂ. ಇಬ್ಬರಿಗೆ ಸರಿ. ನಾಲ್ವರಿಗೆ ಎರಡು ಮೂರು ಸುತ್ತು ಬೇಕು, ಕೊನೆಯ ಸುತ್ತು ಇಳಿಯುವಾಗ ಮೊದಲನೆಯದು ಬಾಗಿ ಮಲಗಿರುತ್ತದೆ. ಗುಡ್ಡೆ ಹಾಕಿ ಒಂದೇ ಸಲ ಮುಗಿಸೋಣವೆಂದರೆ ಹಬೆಯಲ್ಲಿ ಬೆಂದ ಗೆಣಸೇ ಸಿಗುತ್ತದೆ, ಅದಕ್ಕೆ ಈ ಯಂತ್ರ ಯಾಕೆ? ನನಗೆ ಗೊತ್ತಿರುವ ಒಂದೇ ಉಪಾಯ: ಪ್ರತಿ ಸುತ್ತನ್ನೂ 12 ನಿಮಿಷಕ್ಕೆ ತೆಗೆದು ತಟ್ಟೆಗಲ್ಲ, ಜಾಲರಿಯ ಮೇಲೆ ಹರಡುವುದು. ತಿನ್ನುವ ಹೊತ್ತಿಗೆ ಎಲ್ಲವನ್ನೂ ಒಟ್ಟಿಗೆ ಬುಟ್ಟಿಗೆ ಸುರಿದು ಮೂರ್ನಾಲ್ಕು ನಿಮಿಷ, ಎರಡು ಸಲ ಕುಲುಕಿ. ಆಗಲೂ ಹುರಿದ ಆಲೂಗಡ್ಡೆಯ ಗರಿ ಬರುವುದಿಲ್ಲ. ಅಂಚು ಗರಿ, ಒಳಗೆ ಮೆದು. ಅದಕ್ಕಿಂತ ಹೆಚ್ಚು ಗೆಣಸಿನಿಂದ ನಿರೀಕ್ಷಿಸಬಾರದು.

ಬಾಣಲೆಯಲ್ಲಿ ಈ ಯಾವ ರಗಳೆಯೂ ಇಲ್ಲ. ಎರಕದ ಕಬ್ಬಿಣದ್ದಾದರೆ ಒಳ್ಳೆಯದು, ದಪ್ಪ ಅಲ್ಯೂಮಿನಿಯಂ ಆದರೂ ನಡೆಯುತ್ತದೆ. ನಾನ್‌ಸ್ಟಿಕ್ ಬೇಡ, ಅದನ್ನು ಒಣದಾಗಿ ಇಷ್ಟು ಹೊತ್ತು ಕಾಯಿಸಬಾರದು. ನಾಲ್ಕೈದು ಸೆಂಟಿಮೀಟರ್ ದಪ್ಪದ, ತಲಾ 150–200 ಗ್ರಾಂ ತೂಗುವ ಗೆಣಸು ಆರಿಸಿ. ಸಿಪ್ಪೆ ಸಮೇತ ಉಜ್ಜಿ ತೊಳೆದು, ಒರೆಸದೆ ಹಾಗೇ ಇಡಿ. ಮೈಗೆ ಅಂಟಿದ ನೀರೇ ಮೊದಲ ಹತ್ತು ನಿಮಿಷದ ಹಬೆ. ಮುಚ್ಚಿ, ಅತಿ ಸಣ್ಣ ಉರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತ 45 ನಿಮಿಷ. ಉರಿ ಆರಿಸಿ ಮುಚ್ಚಳ ತೆಗೆಯದೆ ಇನ್ನೂ ಹತ್ತು ನಿಮಿಷ ಬಿಡಿ. ತುದಿಯಿಂದ ಕಂದು ಪಾಕ ಜಿನುಗಿ ತಳದಲ್ಲಿ ಗುಳ್ಳೆ ಏಳುತ್ತಿದ್ದರೆ, ಚೂಪು ಕಡ್ಡಿ ನಡುವಿನವರೆಗೂ ತಡೆಯಿಲ್ಲದೆ ಇಳಿದರೆ ಆಯಿತು. ಸಿಪ್ಪೆ ತಿರುಳಿನಿಂದ ಬಿಟ್ಟುಕೊಂಡು ಸಡಿಲವಾಗಿರುತ್ತದೆ, ಬೆರಳಲ್ಲೇ ಸುಲಿಯಬಹುದು. ತುಂಬ ದಪ್ಪನೆಯದನ್ನು ಅಡ್ಡಕ್ಕೆ ಎರಡು ತುಂಡು ಮಾಡಿ, ಉದ್ದಕ್ಕೆ ಸೀಳಬೇಡಿ. ಸೀಳಿದ ಮುಖ ತಳಕ್ಕೆ ತಾಗಿ ಸೀಯುತ್ತದೆ. ತಳಕ್ಕೆ ಅಂಟಿದ ಪಾಕ ಬಿಸಿನೀರಿಗೆ ಬಿಡುತ್ತದೆ.

ಎಷ್ಟು ಹೊತ್ತಾದರೂ ನಡುವೆ ಗಟ್ಟಿಯಾಗೇ ಉಳಿದರೆ ಬಾಣಲೆಯನ್ನು ಬೈಯಬೇಡಿ. ಹಸಿ ಗೆಣಸು 10–12 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ, ಅಂದರೆ ಫ್ರಿಜ್‌ನಲ್ಲಿ, ದಿನಗಟ್ಟಲೆ ಕೂತರೆ ತಿರುಳು ಕೆಟ್ಟು ನಡುವೆ ಬೇಯದ ಗಂಟಾಗುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ, ನೆರಳಲ್ಲಿಡಿ. ಹುಳು ಕೊರೆದು ಕಹಿಯಾದದ್ದನ್ನು ಎಸೆಯಿರಿ, ಬೇಯಿಸಿದರೆ ಅದು ಹೋಗದು.

ಆರೋಗ್ಯದ ಲೆಕ್ಕ ಹಿಡಿದರೆ ಬಾಣಲೆ ಸ್ವಲ್ಪ ಹಿಂದೆ ಬೀಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಜಮೈಕಾದಲ್ಲಿ ಬಳಕೆಯಲ್ಲಿರುವ 10 ತಳಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೀರಲ್ಲಿ ಬೇಯಿಸಿದ ಗೆಣಸಿನ ಗ್ಲೈಸೀಮಿಕ್ ಇಂಡೆಕ್ಸ್ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ) 41ರಿಂದ 50ರೊಳಗೆ ಬಂತು. ಓವನ್‌ನಲ್ಲಿ ಸುಟ್ಟದ್ದು 82ರಿಂದ 94. ಬಾಣಲೆಯದೂ ಓವನ್‌ನಂತೆ ಒಣ ಬಿಸಿಯೇ. ರಕ್ತದ ಸಕ್ಕರೆ ನೋಡಿಕೊಳ್ಳಬೇಕಾದವರು ಸಿಪ್ಪೆ ಸಮೇತ ಇಡಿಯಾಗಿ ಕುದಿಸಿ, ಬೆಂದ ಕೂಡಲೇ ನೀರು ಬಸಿಯಲಿ. ಕಿತ್ತಳೆ ತಿರುಳಿನದಾದರೆ ಯಾವ ವಿಧಾನಕ್ಕೂ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಜೊತೆಗಿರಲಿ, ಅದರಲ್ಲಿರುವ ಬೀಟಾ ಕ್ಯಾರೋಟಿನ್ ಎಂಬ ಪೋಷಕಾಂಶ ಕೊಬ್ಬಿಲ್ಲದೆ ಸರಿಯಾಗಿ ಮೈಗೆ ಹತ್ತುವುದಿಲ್ಲ.

ನನಗೆ ಬಾಣಲೆ ಹೊಂದುವುದು ಇನ್ನೊಂದು ಒಲೆಯಲ್ಲಿ ಹೇಗೂ ಅಡುಗೆ ನಡೆಯುತ್ತಿರುವುದರಿಂದ. ಹತ್ತು ನಿಮಿಷಕ್ಕೊಮ್ಮೆ ಕೈ ಹಾಕುವುದು ಹೊರೆಯಲ್ಲ, ಹೊಸ ಖರ್ಚೂ ಇಲ್ಲ. ಒಲೆ ಹತ್ತಿರ ನಿಲ್ಲಲು ಪುರುಸೊತ್ತೇ ಇಲ್ಲದವರು, ಇಡೀ ಗೆಣಸು ತಿನ್ನುವವರು ಏರ್ ಫ್ರೈಯರ್ ಕೊಳ್ಳಬಹುದು. ನಾಲ್ಕು ಜನಕ್ಕೆ ಫ್ರೈಸ್ ಮಾಡಲೆಂದಾದರೆ ಕೊಳ್ಳಬೇಡಿ. ಉಳಿದ ಬಾಣಲೆ ಗೆಣಸನ್ನು ಬೆಂದ ಮೇಲೆ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ತಣ್ಣಗಿರುವಾಗಲೇ ಒಂದೂವರೆ ಸೆಂಟಿಮೀಟರ್ ಬಿಲ್ಲೆ ಕೊಯ್ದು, ಅರ್ಧ ಚಮಚ ಎಣ್ಣೆಯಲ್ಲಿ ಎರಡೂ ಮುಖ ಎರಡೆರಡು ನಿಮಿಷ ಬಾಡಿಸಿ ಉಪ್ಪು, ಖಾರದ ಪುಡಿ, ನಿಂಬೆರಸ ಹಾಕಿದರೆ ಅಂಚು ಕೆಂಪಗೆ ಗರಿಯಾಗುತ್ತದೆ. ಫ್ರೈಸ್‌ನಿಂದ ನಾನು ಬಯಸಿದ್ದು ಹೆಚ್ಚುಕಮ್ಮಿ ಇದನ್ನೇ.