ತಿಮ್ಮ ಪೆಟ್ಟಿಗೆ ಬಿಡಲಿಲ್ಲ: ಫ್ರಾಸ್ಟ್‌ಗ್ರೇವ್ ಆಡಿ ಕಥೆ ಬರೆದೆ

ತಿಮ್ಮ ಒಬ್ಬ ಬಿಲ್ಲುಗಾರ. ಸುಮಾರು 28 ಮಿಲಿಮೀಟರ್ ಎತ್ತರದ ಗೊಂಬೆ. ಅವನಿಗೆ ಬಣ್ಣ ಹಚ್ಚಲು ನನಗೆ ಎರಡು ಸಂಜೆ ಹಿಡಿಯಿತು. ಮೂರನೇ ಆಟದಲ್ಲಿ ಅವನು ಸತ್ತ. ಅವತ್ತು ರಾತ್ರಿ ಕೂತು ಎಂಟು ಪುಟ ಬರೆದೆ. ಈ ವರ್ಷ ನಾನು ಬರೆದದ್ದರಲ್ಲಿ ನನಗೆ ತುಂಬಾ ಇಷ್ಟವಾದ ಪುಟಗಳು ಅವೇ.

ಫ್ರಾಸ್ಟ್‌ಗ್ರೇವ್ ಅಂದರೆ ಟೇಬಲ್ಲಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ದಾಳ ಹಾಕಿ ಆಡುವ ಕಾಳಗದ ಆಟ. ಅದರ ನಿಯಮಪುಸ್ತಕ 2015ರಲ್ಲಿ ಬಂತು, ಎರಡನೇ ಆವೃತ್ತಿ 2020ರಲ್ಲಿ. ಹಿಮದಲ್ಲಿ ಹೂತುಹೋಗಿದ್ದ ಮಾಂತ್ರಿಕರ ನಗರ ಈಗ ಕರಗುತ್ತಿದೆ. ನಿಮ್ಮ ಕಡೆ ಒಬ್ಬ ಮಾಂತ್ರಿಕ, ಒಬ್ಬ ಶಿಷ್ಯ, ಎಂಟು ಜನ ಭಟರು. ಹಾಳು ಮನೆಗಳ ನಡುವೆ ನಿಧಿ ಹುಡುಕಿ ಟೇಬಲ್ಲಿನ ಅಂಚು ದಾಟಿಸಬೇಕು. ಎದುರು ತಂಡಕ್ಕೂ ಅದೇ ಬೇಕು. ಇಂಥ ಕಂಪನಿಯ ಗೊಂಬೆಯೇ ಆಗಬೇಕು ಎಂಬ ಹಟ ಇಲ್ಲ. ನನ್ನ ಹಾಳು ನಗರ ಅರ್ಧಕ್ಕರ್ಧ ರಟ್ಟಿನ ಡಬ್ಬಿಗಳದ್ದು.

ನಿಧಿ ಹೊತ್ತವನ ನಡಿಗೆ ಅರ್ಧಕ್ಕೆ ಇಳಿಯುತ್ತದೆ. ಈ ಒಂದು ಸಣ್ಣ ನಿಯಮದಲ್ಲಿ ಎಷ್ಟು ಕಥೆ ಇದೆ ನೋಡಿ. ತಿಮ್ಮ ಪೆಟ್ಟಿಗೆ ಹೊತ್ತಿದ್ದ, ಹಿಂದೆ ಇಬ್ಬರು ಅಟ್ಟಿಸಿಕೊಂಡು ಬರುತ್ತಿದ್ದರು. ಅವನ ಬೆನ್ನಿಗೆ ಗೋಡೆ ಎಬ್ಬಿಸಲು ಮಾಂತ್ರಿಕ ಮಂತ್ರ ಹಾಕಿದ. ಇಪ್ಪತ್ತು ಮುಖದ ದಾಳದಲ್ಲಿ 10 ಬೇಕಿತ್ತು, ಬಿದ್ದದ್ದು 6. ಕಡಿಮೆ ಬಿದ್ದಷ್ಟನ್ನು ಮಾಂತ್ರಿಕ ತನ್ನ ಜೀವದಿಂದಲೇ ತುಂಬಬಹುದು. ಶುರುವಿನಲ್ಲಿ ಅವನಿಗೆ ಜೀವದ ಅಂಕ 14 ಇರುತ್ತದೆ. ಆಗ ಉಳಿದಿದ್ದದ್ದು 7. ನಾಲ್ಕು ಕೊಟ್ಟರೆ ಗೋಡೆ ಏಳುತ್ತದೆ.

ನಾನು ಕೊಡಲಿಲ್ಲ.

ತಿಮ್ಮ ಬಿದ್ದ. ಆಟದಲ್ಲಿ ಬಿದ್ದವರೆಲ್ಲ ಸಾಯುವುದಿಲ್ಲ. ಆಟ ಮುಗಿದ ಮೇಲೆ ಒಬ್ಬೊಬ್ಬರಿಗೂ ದಾಳ ಹಾಕಬೇಕು. ಭಟನಿಗೆ 1ರಿಂದ 4 ಬಿದ್ದರೆ ಸಾವು, 5ರಿಂದ 8 ಬಿದ್ದರೆ ಗಾಯ, ಮುಂದಿನ ಆಟಕ್ಕೆ ಬರುವಂತಿಲ್ಲ. ತಿಮ್ಮನಿಗೆ ಬಿದ್ದದ್ದು 3. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಟಗಾರಳಾಗಿ ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬರೆಯಲು ಕೂತಾಗ ಮಾಂತ್ರಿಕ ಆ ನಾಲ್ಕು ಅಂಕ ಯಾಕೆ ಉಳಿಸಿಕೊಂಡ ಎಂದು ಹೇಳಲೇಬೇಕಾಯಿತು. ತಿಮ್ಮನೂ ಪೆಟ್ಟಿಗೆ ಕೆಳಗಿಟ್ಟು ಓಡಬಹುದಿತ್ತು, ಅಲ್ವಾ? ಅವನು ಯಾಕೆ ಬಿಡಲಿಲ್ಲ? ಎಂಟು ಪುಟ ಹುಟ್ಟಿದ್ದು ಈ ಎರಡು ಪ್ರಶ್ನೆಗಳಿಂದ. ಸುಮ್ನೆ ಖಾಲಿ ಹಾಳೆ ಮುಂದೆ ಕೂತಿದ್ದರೆ ತಿಮ್ಮನನ್ನು ಸಾಯಿಸಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಮಾಂತ್ರಿಕನಿಗೂ ಶಾಶ್ವತ ಗಾಯಗಳ ಪಟ್ಟಿ ಇದೆ. ಒಂದು ಆಟದಲ್ಲಿ ನನ್ನವನ ಕಣ್ಣು ಹೋಯಿತು. ಅವತ್ತೇ ಸಣ್ಣ ಕುಂಚ ಹಿಡಿದು ಗೊಂಬೆಯ ಎಡಗಣ್ಣಿನ ಮೇಲೆ ಕಪ್ಪು ಪಟ್ಟಿ ಬರೆದೆ.

ಕೊರತೆ ಇಲ್ಲವೇ? ಇದೆ. ಇಪ್ಪತ್ತು ಮುಖದ ದಾಳದಲ್ಲಿ ಅದೃಷ್ಟದ ಪಾಲು ಜಾಸ್ತಿ. ಯಾವನೋ ಪುಂಡ ಒಂದೇ ಏಟಿಗೆ ದೊಡ್ಡ ಮಾಂತ್ರಿಕನನ್ನು ಉರುಳಿಸಿಬಿಡಬಹುದು. ತಂತ್ರ ಹೂಡಿ ಗೆಲ್ಲುವ ಖುಷಿಯೇ ಮುಖ್ಯ ಎನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಬರೆಯುವವರಿಗೆ ಮಾತ್ರ ಕಣ್ಣುಮುಚ್ಚಿ ಹೇಳುತ್ತೇನೆ, ತಗೊಳ್ಳಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಯಾರು ಯಾವ ಸುತ್ತಿನಲ್ಲಿ ಏನು ಮಾಡಿದರು ಎಂದು ಒಂದೊಂದು ಸಾಲು ಗೀಚಿಕೊಳ್ಳಿ.

ಹೊಸ ಬಿಲ್ಲುಗಾರನ ಬಣ್ಣ ಒಣಗುತ್ತಿದೆ. ಹೆಸರು ಇನ್ನೂ ಇಟ್ಟಿಲ್ಲ. ಮೊದಲು ಒಂದು ಆಟ ಬದುಕಿ ಬರಲಿ.